ಶರದೃತುವಿನ ಮದುವೆಗೆ ಕಡುಗೆಂಪು

ಕಾರ್ತಿಕದ ಉತ್ಥಾನ ದ್ವಾದಶಿ ಕಳೆದು ಮದುವೆಗಳು ಆರಂಭವಾಗುವ ಹೊತ್ತಿಗೆ ನಮ್ಮ ಕಾಸರಗೋಡಿನಲ್ಲಿ ಮಳೆ ಹಿಂದೆ ಸರಿದಿದ್ದರೂ ಅಡಿಕೆ ತೋಟಗಳು ದಟ್ಟ ಹಸಿರಾಗಿಯೇ ಇರುವುದರಿಂದ, ತಂಗಿಯ ಮದುವೆಗೆ ಕಡುಗೆಂಪನ್ನೇ ಮುಖ್ಯ ಬಣ್ಣವಾಗಿ ಆರಿಸಿದ್ದು ನನಗೆ ಬಹಳ ಹಿಡಿಸಿತು. ಅವಳ ದಾಳಿಂಬೆ ಬಣ್ಣದ ರೇಷ್ಮೆಸೀರೆಗೆ ಚಿನ್ನದ ಜರಿಯಂಚಿತ್ತು; ಕೆಂಪಿನೆದುರು ಎದ್ದು ಕಾಣಲೆಂದು ಮುಡಿಗೆ ಬಿಳಿಯ ಮಲ್ಲಿಗೆಯನ್ನೇ ಮುಡಿಸಿದೆವು. ಮಂಟಪದ ಕಂಬಗಳಿಗೆ ಹಿಂಗಾರ (ಅಡಿಕೆಯ ಹೂಗೊಂಚಲು), ಮಾವಿನೆಲೆ, ನಡುನಡುವೆ ಕೇಪಳ ಹೂವಿನ ಗೊಂಚಲುಗಳು, ಅಷ್ಟೇ ಸಾಕಾಯಿತು. ಬೆಳಕು ಕುಂದಿದಂತೆ ನಮ್ಮ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪೇ ಆದ್ದರಿಂದ, ಸಂಜೆಯ ಆರತಕ್ಷತೆಗೆ ಹಿನ್ನೆಲೆಯ ಪರದೆಯನ್ನು ಕೆನೆಬಣ್ಣಕ್ಕೆ ಬದಲಿಸಿ, ಹಳದಿ ಛಾಯೆಯ ದೀಪಗಳನ್ನು ಹಾಕಿಸಿದೆವು. ಟ್ಯೂಬ್‌ಲೈಟಿನಡಿ ಇಂಥ ಸೀರೆ ಕಂದುಬಣ್ಣಕ್ಕೆ ತಿರುಗಿದಂತೆ ತೋರುತ್ತದೆ. ಅಂಗಡಿಯ ಹೊರಗಿನ ಬಿಸಿಲಿಗೆ ಹಿಡಿದು ನೋಡಿಯೇ ಕೊಳ್ಳಬೇಕು.