ಪದಪಟ್ಟಿ ಯೋಜನೆ: ಮರ್ಜ್‌ನಲ್ಲಿ ಕಾಣೆಯಾದ 214 ಪದಗಳು

ಕನ್ನಡದ ಕಾಗುಣಿತ ಪರೀಕ್ಷೆಗಾಗಿ ಹನ್‌ಸ್ಪೆಲ್ ಎಂಬ ತಂತ್ರಾಂಶದ ಮಾದರಿಯ ಪದಪಟ್ಟಿಯೊಂದನ್ನು ಗೆಳೆಯರೊಬ್ಬರ ಜೊತೆ ಸೇರಿ ಬಿಡುವಿನ ವೇಳೆಯಲ್ಲಿ ಬೆಳೆಸುತ್ತಿದ್ದೇನೆ. ಈ ವಾರ ಪಟ್ಟಿಗೆ ಹೊಸ ಪದಗಳು ಸೇರಲಿಲ್ಲ. ಸೇರಿದ್ದವು ಎಲ್ಲಿ ಹೋದವೆಂದು ಹುಡುಕುವುದರಲ್ಲಿಯೇ ಮೂರು ಸಂಜೆಗಳು ಕಳೆದವು. ಕಡತಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ತಂತ್ರಾಂಶದಲ್ಲಿ ನಮ್ಮ ಕೆಲಸ. ಬೇಸಾಯದ 214 ಪದಗಳನ್ನು ಗೆಳೆಯರು ತಮ್ಮ ಬ್ರಾಂಚ್‌ನಲ್ಲಿ (ಕೆಲಸದ ಪ್ರತ್ಯೇಕ ಕವಲಿನಲ್ಲಿ) ಸೇರಿಸಿದ್ದರು, ನಾನು ಅದನ್ನು ನನ್ನದರೊಂದಿಗೆ ಮರ್ಜ್ ಮಾಡಿಯೂ (ಒಂದಾಗಿಸಿಯೂ) ಆಗಿತ್ತು. ಆದರೂ ಸೋಮವಾರ ‘ಕೂರಿಗೆ’ ಎಂದು ಬರೆದಾಗ ಅದರ ಕೆಳಗೆ ಕೆಂಪು ಗೆರೆ ಮೂಡಿತು.

ಪಟ್ಟಿಯ ಕಡತದ ಇತಿಹಾಸವನ್ನು ಗಿಟ್ ಲಾಗ್‌ನಲ್ಲಿ ತೆರೆದರೆ ಗೆಳೆಯರ ಒಂದು ಕಮಿಟ್ (ದಾಖಲಾದ ಬದಲಾವಣೆ) ಕೂಡ ಅಲ್ಲಿರಲಿಲ್ಲ. ಕಡತದ ಹೆಸರು ಕೊಟ್ಟು ಲಾಗ್ ಕೇಳಿದಾಗ, ಮರ್ಜ್‌ನ ಫಲಿತಾಂಶವು ಒಂದು ಪೇರೆಂಟ್ ಕಮಿಟ್‌ನಲ್ಲಿದ್ದ (ಒಂದಾದ ಎರಡು ಕಡೆಗಳಲ್ಲಿ ಒಂದರ ಕೊನೆಯ ಕಮಿಟ್‌ನಲ್ಲಿದ್ದ) ಕಡತಕ್ಕೆ ತದ್ರೂಪವಾಗಿದ್ದರೆ, ಗಿಟ್ ಆ ದಾರಿಯನ್ನಷ್ಟೇ ಹಿಡಿದು ಇನ್ನೊಂದು ದಾರಿಯನ್ನು ಬಿಟ್ಟುಬಿಡುತ್ತದೆ. ಪೂರ್ಣ ಇತಿಹಾಸ ತೋರಿಸುವ ಆಯ್ಕೆಯನ್ನು ಕೊಟ್ಟ ಮೇಲೆ ಕಮಿಟ್‌ಗಳೆಲ್ಲ ಕಾಣಿಸಿದವು. ಅವು ರೆಪೊಸಿಟರಿಯಲ್ಲಿ (ಗಿಟ್‌ನ ಭಂಡಾರದಲ್ಲಿ) ಸುರಕ್ಷಿತವಾಗಿಯೇ ಇದ್ದುದರಿಂದ, ಕಳೆದುಹೋದ ಕಮಿಟ್‌ಗಳನ್ನು ಹುಡುಕಲು ನೆರವಾಗುವ ರಿಫ್‌ಲಾಗ್‌ನ ಅಗತ್ಯ ಬೀಳಲಿಲ್ಲ. ಅವುಗಳ ಫಲ ಮಾತ್ರ ಇಂದಿನ ಕಡತದಲ್ಲಿರಲಿಲ್ಲ.

ತಪ್ಪು ನನ್ನದೇ. ಹನ್‌ಸ್ಪೆಲ್ ಪಟ್ಟಿಯ ಮೊದಲ ಸಾಲು ಒಟ್ಟು ಪದಗಳ ಸಂಖ್ಯೆ. ಇಬ್ಬರೂ ಅದನ್ನು ಬದಲಿಸುವುದರಿಂದ ಪ್ರತಿ ಮರ್ಜ್‌ನಲ್ಲಿಯೂ ಅಲ್ಲಿ ಸಂಘರ್ಷ ಬರುತ್ತದೆ (ಯಾರ ಸಾಲನ್ನು ಉಳಿಸಬೇಕೆಂದು ಗಿಟ್ ಕೇಳುತ್ತದೆ), ನಾನು ಅದನ್ನು ಓದುವುದನ್ನೇ ಬಿಟ್ಟಿದ್ದೆ. ಈ ಬಾರಿ ‘ಅವರ್ಸ್’ (ಇಂಗ್ಲಿಷಿನ ours, ‘ನಮ್ಮದು’) ಆಯ್ಕೆಯೊಂದಿಗೆ ಗಿಟ್‌ನ ಚೆಕ್‌ಔಟ್ ಆದೇಶ ಕೊಟ್ಟೆ. ಅದು ಸಂಘರ್ಷದ ಸಾಲನ್ನಷ್ಟೇ ಅಲ್ಲ, ಇಡೀ ಕಡತವನ್ನೇ ನಮ್ಮ ಕಡೆಯಿಂದ ಎತ್ತಿಕೊಳ್ಳುತ್ತದೆ. ಸಂಘರ್ಷವಿಲ್ಲದೆ ಸೇರಬೇಕಿದ್ದ ಗೆಳೆಯರ ಸಾಲುಗಳೂ ಹೀಗೆ ಹೊರಗುಳಿದವು. ಪದಗಳನ್ನು ಎಣಿಸುವ ಸ್ಕ್ರಿಪ್ಟ್ ಬಳಿಕ ನನ್ನ ಹಳೆಯ ಸಂಖ್ಯೆಯನ್ನೇ ಕೊಟ್ಟಾಗಲಾದರೂ ಅನುಮಾನ ಬರಬೇಕಿತ್ತು. (‘ಅವರ್ಸ್’ ಎಂಬುದು ಕನ್ನಡದ ಕಿವಿಗೆ ‘ಅವರದು’ ಎಂದೇ ಕೇಳಿಸುತ್ತದೆ. ನಮ್ಮ ಬ್ರಾಂಚನ್ನು ಮುಖ್ಯ ಬ್ರಾಂಚಿನ ಮೇಲೆ ರೀಬೇಸ್ ಮಾಡುವಾಗ, ಅಂದರೆ ನಮ್ಮ ಕಮಿಟ್‌ಗಳನ್ನು ಅದರ ತುದಿಗೆ ಮತ್ತೆ ಜೋಡಿಸುವಾಗ, ಎರಡೂ ಕಡೆಗಳು ಅದಲುಬದಲಾಗುವುದರಿಂದ ಆ ಕಿವಿಯೇ ಸರಿ.)

ಮತ್ತೊಮ್ಮೆ ಮರ್ಜ್ ಮಾಡಿದರೆ, ಎಲ್ಲವೂ ಈಗಾಗಲೇ ಸೇರಿದೆ ಎಂದು ಗಿಟ್ ಉತ್ತರಿಸಿತು. ಗೆಳೆಯರ ಬ್ರಾಂಚ್ ಇತಿಹಾಸದೊಳಗೆ ಬಂದಾಗಿರುವುದರಿಂದ ಅದರ ಲೆಕ್ಕದಲ್ಲಿ ಕೆಲಸ ಮುಗಿದಿದೆ. ಆ ಮರ್ಜ್‌ನ ನಂತರ ನಾನು ಇನ್ನೂ 84 ಪದಗಳನ್ನು ಸೇರಿಸಿದ್ದರಿಂದ ಹಳೆಯ ಕಡತವನ್ನು ತಂದಿಡುವಂತೆಯೂ ಇರಲಿಲ್ಲ. ಆದ್ದರಿಂದ ಮೂರು ಪ್ರತಿಗಳನ್ನು ಬೇರೆ ತೆಗೆದೆ: ಇಂದಿನ ಕಡತ, ಮರ್ಜ್‌ನ ಎರಡನೆಯ ಪೇರೆಂಟ್‌ನಲ್ಲಿದ್ದ ಗೆಳೆಯರ ಕಡತ, ಮತ್ತು ಆ ಮರ್ಜ್‌ನ ಎರಡೂ ಕಡೆಗಳ ಸಾಮಾನ್ಯ ಪೂರ್ವಜದಲ್ಲಿದ್ದ ಕಡತ. ಇವುಗಳನ್ನು, ಬಿಡಿ ಕಡತಗಳನ್ನು ಒಂದಾಗಿಸುವ ‘ಗಿಟ್ ಮರ್ಜ್-ಫೈಲ್’ ಆದೇಶಕ್ಕೆ ಕೊಟ್ಟಾಗ ಪದಗಳು ಮರಳಿದವು.

ಆದರೆ ಮೊದಲ ಸಾಲಿನ ಜೊತೆಗೆ ಇನ್ನು 6 ಕಡೆ ಸಂಘರ್ಷ ಎದುರಾಯಿತು. ‘ನೊಗ’, ‘ಮೊರ’ ಮೊದಲಾದ ಪದಗಳನ್ನು ಇಬ್ಬರೂ ಅಕಾರಾದಿಯ ಒಂದೇ ಜಾಗದಲ್ಲಿ ಕೈಯಾರೆ ಸೇರಿಸಿದ್ದೆವು. ಪರದೆಯ ಮೇಲೆ ಎರಡೂ ಕಡೆ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಬೈಟ್‌ಗಳನ್ನು ತೆರೆದಾಗ ಗುಟ್ಟು ತಿಳಿಯಿತು: ನನ್ನ ‘ನೊ’ದಲ್ಲಿ ಒತ್ವವು 3 ಬೈಟ್‌ಗಳ ಒಂದೇ ಯೂನಿಕೋಡ್ ಸಂಕೇತವಾಗಿದ್ದರೆ, ಗೆಳೆಯರದರಲ್ಲಿ ಎತ್ವ ಮತ್ತು ಊತ್ವಗಳು ಬಿಡಿಯಾಗಿ ಒಟ್ಟು 6 ಬೈಟ್‌ಗಳನ್ನು ಹಿಡಿದಿದ್ದವು. ಯೂನಿಕೋಡ್ ಇವೆರಡನ್ನೂ ಸಮಾನವೆನ್ನುತ್ತದೆ, ಗಿಟ್ ಬೈಟ್‌ಗಳನ್ನಷ್ಟೇ ಹೋಲಿಸುತ್ತದೆ. ಎಲ್ಲವನ್ನೂ ಎನ್‌ಎಫ್‌ಸಿಗೆ, ಅಂದರೆ ಯೂನಿಕೋಡ್‌ನ ಕೂಡಿಸಿದ ರೂಪಕ್ಕೆ, ತಂದ ಮೇಲೆ ಇಬ್ಬರಲ್ಲೂ ಇದ್ದ 6 ಪದಗಳು ಒಂದಾಗಿ, ಪಟ್ಟಿ 9,402ರಿಂದ 9,610 ಪದಗಳಿಗೆ ಏರಿತು.

ಗಿಟ್‌ನ 2.36ನೆಯ ಆವೃತ್ತಿಯಲ್ಲಿ, ಅಂದರೆ 2022ರಲ್ಲಿ, ಬಂದ ‘ರಿಮರ್ಜ್-ಡಿಫ್’ ಆಯ್ಕೆಯನ್ನು ಕೊನೆಗೆ ಹಳೆಯ ಮರ್ಜ್‌ನ ಮೇಲೆ ಓಡಿಸಿ ನೋಡಿದೆ. ತಾನೇ ಮತ್ತೆ ಮರ್ಜ್ ಮಾಡಿ, ನಾನು ಉಳಿಸಿದ್ದಕ್ಕೆ ಹೋಲಿಸಿ, ಅಳಿದ ಸಾಲುಗಳನ್ನು ಅದು ಕೆಂಪಿನಲ್ಲಿ ಸಾಲಾಗಿ ತೋರಿಸಿತು. ಮೊದಲೇ ಇದನ್ನು ಓಡಿಸಿದ್ದರೆ ಎರಡು ಸಂಜೆಗಳು ಉಳಿಯುತ್ತಿದ್ದವು. ಕಮಿಟ್‌ಗೆ ಮುನ್ನ ಅಕ್ಷರಗಳನ್ನು ಎನ್‌ಎಫ್‌ಸಿಗೆ ತರುವ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ನನ್ನ ಲ್ಯಾಪ್‌ಟಾಪ್‌ನಲ್ಲಿ ಸಿದ್ಧವಾಗಿದೆ. ಗೆಳೆಯರ ಕಂಪ್ಯೂಟರ್‌ಗೆ ಅದನ್ನು ಭಾನುವಾರ ಹಾಕಿಕೊಡಬೇಕಾಗಿದೆ.