ಕೆಚಪ್ ಬುರುಡೆಯ ರೆಕಾರ್ಡ್

ಬೆಳಿಗ್ಗೆ ಪಾತ್ರೆ ತೊಳೀತಾ ಅಮೆರಿಕದ ಹೆವಿ ಮೆಟಲ್ ತಂಡ ಮೆಗಾಡೆತ್‌ನ ಮೊದಲ ಆಲ್ಬಂ ಹಾಕಿಕೊಂಡಿದ್ದೆ. 'ಕಿಲ್ಲಿಂಗ್ ಈಸ್ ಮೈ ಬಿಸಿನೆಸ್', 1985ರದ್ದು. ರೆಕಾರ್ಡಿಂಗ್‌ಗೆ ಕಂಪನಿ ಮೊದಲು ಕೊಟ್ಟಿದ್ದು 8000 ಡಾಲರ್, ಸಾಲದೆ ಆಮೇಲೆ ಇನ್ನೊಂದು 4000. ಅದರಲ್ಲಿ ಅರ್ಧದಷ್ಟು ಊಟ, ಕುಡಿತ, ಡ್ರಗ್ಸ್‌ಗೇ ಹೋಯ್ತಂತೆ! ಪ್ರೊಡ್ಯೂಸರ್‌ನನ್ನೂ ಕಳಿಸಿಬಿಟ್ಟರು. ಆಮೇಲೆ ಗಾಯಕ-ಗಿಟಾರಿಸ್ಟ್ ಡೇವ್ ಮಸ್ಟೇನ್ ಮತ್ತು ತಂಡದವರೇ ಸೇರಿ ಮುಗಿಸಿದರು. ಹಾಗಾಗಿ ಸೌಂಡ್ ತಗಡು ಬಡಿದ ಹಾಗಿದೆ. ಕವರ್ ಅಂತೂ ಕೇಳಲೇಬೇಡಿ. ಪ್ಲಾಸ್ಟಿಕ್ ಬುರುಡೆಗೆ ಕೆಚಪ್ ಸುರಿದು ಫೋಟೊ ತೆಗೆದ ಹಾಗೆ.

2002ರ ಮರುಬಿಡುಗಡೆಯಲ್ಲಿ ಹಾಡುಗಳನ್ನು ಹೊಸದಾಗಿ ಮಿಕ್ಸ್ ಮಾಡಿದರು, ಕವರ್ ಬದಲಾಯಿಸಿದರು. ಆದರೆ ಅದರಲ್ಲಿ ಒಂದು ತಮಾಷೆ ಇದೆ. ನ್ಯಾನ್ಸಿ ಸಿನಾತ್ರಾ ಹಾಡಿ ಹೆಸರಾದ 'ಬೂಟ್ಸ್' ಹಾಡನ್ನು ಇವರು ಸಾಹಿತ್ಯ ಕೆಡಿಸಿ ಹಾಡಿದ್ದರು. ಬರೆದ ಲೀ ಹೇಜಲ್‌ವುಡ್ ಒಪ್ಪಲಿಲ್ಲ. ಅದಕ್ಕೆ ಬದಲಾದ ಮಾತು ಬಂದ ಕಡೆಯೆಲ್ಲ ಬೀಪ್! ಅಷ್ಟು ಜಾಸ್ತಿ ಬೀಪ್ ಅಂದರೆ, ಲಾರಿ ರಿವರ್ಸ್ ತಗೊಳ್ತಿದೆಯೇನೋ ಅನ್ನಿಸುತ್ತೆ. 2018ರ ಆವೃತ್ತಿಗೆ ಮಸ್ಟೇನ್ ಮೂಲ ಸಾಹಿತ್ಯದಲ್ಲೇ ಮತ್ತೆ ಹಾಡಿದರು. ಮೂವತ್ತು ವರ್ಷದ ಹಿಂದಿನ ಗಿಟಾರ್, ಅದರ ಮೇಲೆ ಐವತ್ತು ದಾಟಿದವರ ಗಂಟಲು.

2018ರದ್ದು ಚೆನ್ನಾಗಿದೆ, ಬಾಸ್ ಬಿಡಿಬಿಡಿಯಾಗಿ ಕೇಳುತ್ತೆ. ಆದರೂ 'ಮೆಕ್ಯಾನಿಕ್ಸ್' ಹಾಡು ಬಂದಾಗ ನನ್ನ ಕೈ ಹಳೇದನ್ನೇ ಹುಡುಕುತ್ತೆ. ತಮ್ಮ ಹಳೇ ತಂಡ ಮೆಟಾಲಿಕಾದಿಂದ ಹೊರಗೆ ಹಾಕಿಸಿಕೊಂಡ ಮಸ್ಟೇನ್ ಸಿಟ್ಟು ಆ ತಗಡು ಸದ್ದಿನಲ್ಲೇ ಸರಿಯಾಗಿ ಕೇಳಿಸುತ್ತೆ, ಅಲ್ವಾ? ಕುಕ್ಕರ್ ಇನ್ನೂ ತೊಳೆದಿಲ್ಲ.