ಬೀಪ್ ಇದೆ, ಬಾವಲಿ?

ನಾಲ್ಕು ದಿನದಿಂದ ಕಿವಿಯಲ್ಲಿ ಬೀಪ್, ಬೀಪ್. ಗೋಡೆ ಗಡಿಯಾರದ ಸದ್ದಿಗೂ ಕೈ ತಾನಾಗೇ ಆಂಟೆನಾ ತಿರುಗಿಸಲು ಹೋಗುತ್ತದೆ.

ಬಾವಲಿ ಹಿಂಬಾಲಿಸುವ ಕೆಲಸ ಅಂದರೆ ಓಡಾಟ, ಸಾಹಸ ಅಂತ ಹೋಗಿದ್ದೆ. ಅಸಲಿಗೆ ಅದು ಒಂದೇ ಬಂಡೆಯ ಮೇಲೆ ಕತ್ತಲಲ್ಲಿ ನಿಂತು ಸದ್ದು ಕೇಳುವ ಕೆಲಸ.

ಮೊದಲ ಸಂಜೆ ಬಲೆಗೆ ಬಿದ್ದದ್ದು 12 ಗ್ರಾಂ ತೂಕದ, ಮರಿಗೆ ಹಾಲೂಡಿಸುತ್ತಿದ್ದ ಹೆಣ್ಣು. ಮೇಡಂ ಗ್ಲೌಸ್ ಹಾಕಿ ಹಿಡಿದು, ಭುಜಗಳ ನಡುವಿನ ಕೂದಲು ಸ್ವಲ್ಪ ಕತ್ತರಿಸಿ, ಅಂಟು ಹಚ್ಚಿ ಟ್ಯಾಗ್ ಕೂರಿಸಿದರು. ಟ್ಯಾಗ್ ಅಂದರೆ ರೇಡಿಯೋ ಸಿಗ್ನಲ್ ಕಳಿಸುವ ಪುಟ್ಟ ಯಂತ್ರ, ನಮ್ಮ ರಿಸೀವರ್‌ನಲ್ಲಿ ಅದೇ ಬೀಪ್ ಆಗಿ ಕೇಳಿಸುತ್ತದೆ. ಅದರ ತೂಕ 0.4 ಗ್ರಾಂ. ಬಾವಲಿಯ ತೂಕದ ಶೇ. 5 ದಾಟಬಾರದು ಅನ್ನೋದು ಈ ಕೆಲಸದವರ ಲೆಕ್ಕ. ಟ್ಯಾಗ್‌ಗೆ ಕೂದಲಿನಂಥ ತಂತಿಯ ಬಾಲ. ಅಂಟು ಒಣಗುವವರೆಗೂ ಬಾವಲಿ ಬಾಯಿ ತೆರೆದು ಬೈಯುತ್ತಲೇ ಇತ್ತು. ಅದರಲ್ಲಿ ಬಹುಪಾಲು ಮನುಷ್ಯರ ಕಿವಿಗೆ ಕೇಳಿಸೋದಿಲ್ಲ. ಒಳ್ಳೆಯದೇ ಆಯ್ತು.

ಮೊದಲೆರಡು ರಾತ್ರಿ ಚೆನ್ನಾಗಿದ್ದವು. ಹಾರುವಾಗ ಸದ್ದು ಏರುತ್ತದೆ, ಇಳಿಯುತ್ತದೆ, ಗುಡ್ಡದ ಹಿಂದೆ ಹೋದರೆ ಮಾಯ. ಐದೈದು ನಿಮಿಷಕ್ಕೆ ನಾನು ಇಲ್ಲಿಂದ, ಇನ್ನೊಬ್ಬ ಎದುರಿನ ದಿಬ್ಬದಿಂದ ದಿಕ್ಕು ಹೇಳಬೇಕು. ನಕ್ಷೆಯ ಮೇಲೆ ಆ ಎರಡು ದಿಕ್ಕಿನ ಗೆರೆ ಕೂಡುವ ಕಡೆ ಬಾವಲಿ. ಬಂಡೆಗೆ ಬಡಿದು ಬಂದ ಸಿಗ್ನಲ್ ಸುಳ್ಳು ದಿಕ್ಕನ್ನೂ ತೋರಿಸುತ್ತದೆ. ಆದರೂ ಆ ಪುಣ್ಯಾತ್ಮ ವಾಕಿಟಾಕಿಯಲ್ಲಿ "142!" ಅಂತ ದಿಕ್ಸೂಚಿಯ ಡಿಗ್ರಿಯನ್ನು ಒಂದು ಚೂರೂ ತಡವರಿಸದೆ ಹೇಳುತ್ತಿದ್ದ. ತಡವರಿಸದ ಜನರನ್ನು ಕಂಡರೆ ನನಗೆ ಯಾಕೋ ನಂಬಿಕೆ ಬರೋದಿಲ್ಲ.

ನಡುರಾತ್ರಿ ಅದು ಮರಿ ಇರುವ ಪೊಟರೆಗೆ ವಾಪಸ್ ಬರುತ್ತಿತ್ತು. ಪೊಟರೆಯೊಳಗೆ ಹೋದ ತಕ್ಷಣ ಸದ್ದು ಮಂಕಾಗಿ, ಒಂದೇ ಸಮ ಆಗುತ್ತಿತ್ತು. ಮೂರನೇ ರಾತ್ರಿ ಸಂಜೆಯಿಂದಲೇ ಹಾಗೆ. ಅದೇ ಮರದ ದಿಕ್ಕು, ಸಣ್ಣ ಸದ್ದು, ಏರಿಳಿತ ಇಲ್ಲ. ನಾನು ಪುಸ್ತಕದಲ್ಲಿ ಬರೆದೆ: 'ವಿಶ್ರಾಂತಿ'. ಅಷ್ಟಕ್ಕೇ ಬಿಡಬಹುದಿತ್ತು. ಪಕ್ಕದಲ್ಲಿ 'ಮರಿಯ ಜೊತೆ' ಅಂತಲೂ ಸೇರಿಸಿದೆ.

ಮೇಡಂ ಟಾರ್ಚ್ ಹಾಕಿ ಓದಿದರು.

"ವಿಶ್ರಾಂತಿ ಅಂತ ಯಾರು ಹೇಳಿದ್ರು?"

"ಬೀಪ್ ಬರ್ತಾ ಇದೆಯಲ್ಲ ಮೇಡಂ."

"ಬೀಪ್ ಇದೆ ಅಂದ್ರೆ ಟ್ಯಾಗ್ ಇದೆ ಅಂತ. ಅಷ್ಟೇ."

ಅವರ ಗಂಟಲಲ್ಲಿ ಸಿಟ್ಟೇನೂ ಇರಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಮೇಡಂ ಹೊಗಳೋದೂ ಇಲ್ಲ, ಗದರೋದೂ ಇಲ್ಲ. ಅಂಥವರ ಹತ್ತಿರ ಕೆಲಸ ಮಾಡೋದು ಕಷ್ಟ ರೀ.

ಬೆಳಿಗ್ಗೆ ಮರದ ಬುಡಕ್ಕೆ ಹೋದೆವು. ತೀರಾ ಹತ್ತಿರ ಬಂದರೆ ಸದ್ದು ಎಲ್ಲ ಕಡೆಯಿಂದಲೂ ಜೋರು. ರಿಸೀವರ್‌ನ ಗೇನ್, ಅಂದರೆ ಸಿಗ್ನಲ್ ಹಿಗ್ಗಿಸುವ ಮಟ್ಟ, ತಗ್ಗಿಸಿದೆವು, ಆಮೇಲೆ ಆಂಟೆನಾನೇ ಬಿಚ್ಚಿ ಬರೀ ಕೇಬಲ್ ಹಿಡಿದು ನೆಲ ಸವರಿದೆವು. ಒಣಗೆಲೆಯ ಕೆಳಗೆ ಸಿಕ್ಕಿತು. ಟ್ಯಾಗ್, ಅದರ ಬೆನ್ನಿಗೆ ಒಂದು ಪದರ ಅಂಟು, ಅಂಟಿಗೆ ಐದಾರು ಕಂದು ಕೂದಲು. ರಾತ್ರಿಯಿಡೀ ನಾನು ವಿಶ್ರಾಂತಿ ಮಾಡಿಸಿದ್ದು ಇದನ್ನು. ತಾಯಿ ಎಲ್ಲೋ ಹಾರಾಡಿಕೊಂಡಿರಬೇಕು. ಅಂಟು ಬಿಡೋದು ಹೊಸದಲ್ಲ, ಬಿಡಲಿ ಅಂತಲೇ ಅಂಥ ಅಂಟು ಹಾಕೋದು. ಇಷ್ಟು ಬೇಗ ಬಿಟ್ಟಿತು, ಅಷ್ಟೇ.

ನನ್ನನ್ನು ಕಾಡುತ್ತಿರುವುದು ಟ್ಯಾಗ್ ಅಲ್ಲ, ಆ 'ಮರಿಯ ಜೊತೆ'. ಯಾರೂ ಕೇಳದೆ ಬರೆದದ್ದು. ಸದ್ದಿನಲ್ಲಿ ಅದು ಇರಲಿಲ್ಲ, ನಾನೇ ಹಾಕಿದ್ದು. ಊರಲ್ಲಿರುವ ಅಮ್ಮ ದಿನಾ ಫೋನಿನಲ್ಲಿ "ಆರಾಮಿದೀನಿ ಕಣೋ" ಅನ್ನುತ್ತಾಳೆ. ಅದೇ ಹೊತ್ತು, ಅದೇ ದನಿ, ಏರಿಳಿತ ಇಲ್ಲ. ನಾನೂ 'ಸರಿ' ಅಂತ ಇಟ್ಟುಬಿಡುತ್ತೇನೆ. ಈ ವಾರ ಫೋನ್ ಇಡದೆ, ಸುಮ್ನೆ, ಮಧ್ಯಾಹ್ನ ಏನು ಮಾಡಿದೆ ಅಂತ ಕೇಳಿದೆ. ಮಂಡಿ ಊದಿ ಹದಿನೈದು ದಿನ ಆಗಿದೆಯಂತೆ.

ಆ ಪುಟ ಹರಿಯಲು ಮೇಡಂ ಬಿಡಲಿಲ್ಲ, ವೈಟ್ನರ್ ಹಚ್ಚಲೂ ಬಿಡಲಿಲ್ಲ. ತಪ್ಪಿನ ಮೇಲೆ ಒಂದೇ ಗೀಟು, ಪಕ್ಕದಲ್ಲಿ ಸರಿಯಾದದ್ದು, ಸಹಿ. ಹಾಗೇ ಮಾಡಿದೆ. ಗೀಟಿನ ಕೆಳಗೆ 'ಮರಿಯ ಜೊತೆ' ಈಗಲೂ ಓದಲು ಬರುತ್ತದೆ.